ನಾಲ್ಕನೇ ಹಳದಿ ಚೀಟಿ

ಲೆಕ್ಕ ತಪ್ಪಿದರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಾಪದವಳು ಎಂದುಕೊಂಡು ಮೋಸಹೋಗಬಾರದು. ಸಿಟಿ ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಇಪ್ಪತ್ತೊಂದು ವರ್ಷದಿಂದ ಇದ್ದೇನೆ. ಒಂದು ನಟ್ಟು ಬೇಕೆಂದರೂ ಹಳೆಯ ನಟ್ಟು ತಂದು ನನ್ನ ಮೇಜಿನ ಮೇಲೆ ಇಡಬೇಕು. ಇಡದವನಿಗೆ ನಟ್ಟೂ ಇಲ್ಲ, ನನ್ನ ಬಾಯಿಂದ ಒಳ್ಳೆಯ ಮಾತೂ ಇಲ್ಲ. ಮೀಸಲು ಪಡೆಯ ಸರಬರಾಜು ತುಕಡಿಗೂ ನಾನೇ ಸ್ಟೋರ್‌ಕೀಪರು. ವರ್ಷಕ್ಕೊಮ್ಮೆ ಹತ್ತು ದಿನ ಅಭ್ಯಾಸಕ್ಕೆ ಕರೆಯುತ್ತಾರೆ. ಖಾಕಿ ಹಾಕಿಕೊಂಡು ಹೋದರೆ ಅಲ್ಲಿಯೂ ಅದೇ ಕೆಲಸ, ಅದೇ ಬೈಗುಳ. ಅಲ್ಲಿ ಎಲ್ಲರೂ ನನ್ನನ್ನು ಸ್ಟೋರಕ್ಕ ಎನ್ನುತ್ತಾರೆ.

ನನ್ನ ತಮ್ಮನೂ ಅದೇ ತುಕಡಿಯಲ್ಲಿ ಲಾರಿ ಡ್ರೈವರ್. ಯಾರು ಬರದಿದ್ದರೂ ಅವರ ಗಾಡಿಗೆ ಇವನನ್ನೇ ಹತ್ತಿಸುತ್ತಿದ್ದುದರಿಂದ ಅವನಿಗೆ ಸ್ಟೆಪ್ನಿ ಎಂದು ಹೆಸರು. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅಮ್ಮ ಹೋದ ಮೇಲೆ ಅವನಿಗೆ ಊಟ ಹಾಕಿದವಳು, ಕಿವಿ ಹಿಂಡಿದವಳು, ಮದುವೆ ಮಾಡಿದವಳು ಎಲ್ಲ ನಾನೇ. ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿದ್ದಾಗ ಮೀಸಲು ಪಡೆಯ ಅರ್ಜಿಯನ್ನು ಮುಂದಿಟ್ಟು ಸಹಿ ಹಾಕಿಸಿದವಳೂ ನಾನೇ. ಈ ಸಲ ಕರೆ ಬಂದಾಗ ಅವನ ಹೆಂಡತಿಗೆ ದಿನ ತುಂಬಿತ್ತು. ಚೊಚ್ಚಲು ಬೇರೆ. ಡಾಕ್ಟರು ಶನಿವಾರ ಎಂದು ಹೇಳಿದ್ದರು.

ಕರೆ ಬಂದ ರೀತಿಯೇ ನನಗೆ ಸರಿಬರಲಿಲ್ಲ. ಪ್ರತಿವರ್ಷಕ್ಕಿಂತ ಮೂರು ತಿಂಗಳು ಮೊದಲೇ ಬಂದಿತ್ತು. ಶುರುವಾಗುವ ದಿನವಿತ್ತು, ಮುಗಿಯುವ ದಿನದ ಜಾಗ ಖಾಲಿಯಿತ್ತು. ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ಊರುಗಳ ಹೆಸರಿನ ಬೋರ್ಡುಗಳಿಗೆಲ್ಲ ಗೋಣಿಚೀಲ ಕಟ್ಟಿದ್ದರು. ಇಬ್ಬರು ಕೂಲಿಯವರು ಏಣಿ ಹತ್ತಿ ಕೊನೆಯದಕ್ಕೆ ಕಟ್ಟುತ್ತಿದ್ದುದನ್ನು ನಾನೇ ಕಂಡೆ.

"ಬಣ್ಣ ಹೊಡಿಯೋಕಿರ್ಬೇಕು ಬಿಡಕ್ಕಾ," ಎಂದ ತಮ್ಮ. ಅವನ ಮನಸ್ಸೆಲ್ಲ ಶನಿವಾರದ ಮೇಲಿತ್ತು. ಶಿಬಿರದ ಗೇಟಿನಲ್ಲಿ ಫೋನುಗಳನ್ನು ಇಸಿದುಕೊಂಡು ಒಂದು ಡಬ್ಬಕ್ಕೆ ಹಾಕಿದರು. ಹಿಂದೆ ಯಾವ ವರ್ಷವೂ ಹೀಗೆ ಮಾಡಿದವರಲ್ಲ. ಡಬ್ಬಕ್ಕೆ ಹಾಕುವ ಮೊದಲು ತಮ್ಮ ತನ್ನ ಹೆಂಡತಿಗೆ ಒಂದು ಫೋನ್ ಮಾಡಿದ. "ಯೋಚ್ನೆ ಮಾಡ್ಬೇಡ ಕಣೆ, ಗುರುವಾರದೊಳಗೆ ಹೆಂಗಾದ್ರೂ ಸತ್ತು ಮನೆಗೆ ಬರ್ತೀನಿ," ಎಂದು ಹೇಳಿ ನಕ್ಕ. ಆ ಕಡೆಯಿಂದ ಅವಳು ನಕ್ಕಿದ್ದು ನನಗೂ ಕೇಳಿಸಿತು.

ಈ ಸಾಯುವ ಸಂಗತಿ ಏನೆಂದು ಹೇಳಬೇಕು. ಅಭ್ಯಾಸದಲ್ಲಿ ಶತ್ರು ಇರುವುದಿಲ್ಲ, ಪರೀಕ್ಷಕ ಇರುತ್ತಾನೆ. ತೋಳಿಗೆ ಬಿಳಿ ಪಟ್ಟಿ, ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಹಳದಿ ಚೀಟಿಗಳ ಕಟ್ಟು. ಸೇತುವೆ ಮೇಲೆ ಬಾಂಬು ಬಿತ್ತು ಎಂದು ಅವನು ಹೇಳಿದರೆ ಬಿತ್ತು, ಅಷ್ಟೇ. ಆ ಹೊತ್ತಿನಲ್ಲಿ ಸೇತುವೆ ಮೇಲೆ ಗಾಡಿ ಓಡಿಸುತ್ತಿದ್ದವರಿಗೆಲ್ಲ ಒಂದೊಂದು ಹಳದಿ ಚೀಟಿ. ಚೀಟಿ ಸಿಕ್ಕವನು ಸತ್ತ. ಅವನು ಲಾರಿಯಿಂದ ಇಳಿದು ಮರದ ಕೆಳಗೆ ಕೂತು ಟೀ ಕುಡಿಯಬೇಕು. ಮಾರನೆಯ ಬೆಳಿಗ್ಗೆ ಅವನನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸುತ್ತಾರೆ, ಏಕೆಂದರೆ ಸತ್ತವರಿಗೆ ಊಟ ಹಾಕಲು ಲೆಕ್ಕದಲ್ಲಿ ಜಾಗವಿರುವುದಿಲ್ಲ. ಹೀಗಾಗಿ ನಮ್ಮ ತುಕಡಿಯಲ್ಲಿ ಸಾಯಲಿಕ್ಕೆ ನೂಕುನುಗ್ಗಲು. ಪರೀಕ್ಷಕನನ್ನು ಎಲ್ಲರೂ ಯಮ ಎಂದು ಕರೆದು ಅವನ ಮುಂದೆ ಹಲ್ಲು ಗಿಂಜುತ್ತಿದ್ದರು. ಹೋದ ವರ್ಷ ಅಡುಗೆಯವನು ಮೂರನೇ ದಿನವೇ ಸತ್ತು, ಉಳಿದ ಏಳು ದಿನ ನಾವೆಲ್ಲ ಒಣ ಬ್ರೆಡ್ಡು ತಿಂದೆವು.

ನನಗೆ ಈ ಕಳ್ಳಾಟ ಕಂಡರೆ ಆಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ತಮ್ಮ ನನ್ನ ಸ್ಟೋರಿನ ಶೆಡ್ಡಿಗೆ ಬಂದು ನನ್ನ ಹಿಂದೆ ಮುಂದೆ ಸುತ್ತಿದಾಗಲೇ ಅವನ ಮನಸ್ಸಿನಲ್ಲಿರುವುದು ನನಗೆ ಗೊತ್ತಾಯಿತು.

"ಅಕ್ಕಾ, ಯಮನ ಹತ್ರ ನೀನೊಂದು ಮಾತು ಹೇಳು. ನಿನ್ ಮಾತು ತೆಗೆದು ಹಾಕಲ್ಲ ಅವ್ನು. ನನ್ನ ಬೇಗ ಸಾಯಿಸ್ಲಿ."

"ಥೂ, ನಾಚಿಕೆ ಆಗಲ್ವೇನೋ ನಿಂಗೆ? ಎಲ್ರೂ ಹಿಂಗೇ ಸತ್ತು ಮನೆಗೆ ಹೋದ್ರೆ ಲಾರಿ ನಾನು ತಳ್ಳಲಾ?"

"ಮಗು ಹುಟ್ಟೋವಾಗ ಅಲ್ಲಿರ್ಬೇಕು ಕಣಕ್ಕಾ. ಅವಳು ಹೆದರ್ಕೊಂಡಿದಾಳೆ."

"ರಜೆ ಕೇಳು. ಅರ್ಜಿ ಬರಿ. ಕಳ್ಳದಾರಿ ಯಾಕೆ?"

ಅವನು ಅರ್ಜಿ ಬರೆದ. ತುಕಡಿಯ ಮೇಜರ್ ಸಾಹೇಬರು ಅದನ್ನು ಓದಿ, ಈ ಸಲ ಯಾರಿಗೂ ರಜೆಯಿಲ್ಲ ಎಂದು ಮಡಚಿ ವಾಪಸ್ಸು ಕೊಟ್ಟರು.

ಸೋಮವಾರ ನನ್ನ ಶೆಡ್ಡಿಗೆ ಸರಕು ಬಂತು. ಅಭ್ಯಾಸಕ್ಕೆ ಬರುವ ಪೆಟ್ಟಿಗೆಗಳಲ್ಲಿ ಮರಳು ತುಂಬಿರುತ್ತದೆ, ಮೇಲೆ ಸೀಮೆಸುಣ್ಣದಲ್ಲಿ 'ಮ' ಎಂದು ಬರೆದಿರುತ್ತದೆ. ತೂಕ ಸರಿಯಿದ್ದರೆ ಸಾಕು, ಒಳಗೇನಿದ್ದರೇನು. ಈ ಸಲದ ಪೆಟ್ಟಿಗೆಗಳ ಮೇಲೆ 'ಮ' ಇರಲಿಲ್ಲ. ಒಂದನ್ನು ಅಲ್ಲಾಡಿಸಿ ನೋಡಿದೆ. ಮರಳಿನ ಸದ್ದು ಬರಲಿಲ್ಲ. ಬ್ಯಾಂಡೇಜಿನ ಪೆಟ್ಟಿಗೆ ಪ್ರತಿವರ್ಷ ನಾಲ್ಕು ಬರುತ್ತಿದ್ದವು, ಈಗ ಇನ್ನೂರ ನಲವತ್ತು ಬಂದಿದ್ದವು. ಪಟ್ಟಿಯಲ್ಲಿ ಅಂಕಿ ತಪ್ಪಿರಬೇಕು ಎಂದು ಎರಡು ಸಲ ಎಣಿಸಿದೆ. ಇನ್ನೂರ ನಲವತ್ತೇ ಇದ್ದವು. ಅದೇ ದಿನ ಕಾಂಪೌಂಡರ್ ಒಬ್ಬ ಬಂದು ಎಲ್ಲರ ರಕ್ತದ ಗುಂಪು ಕೇಳಿ, ಬೂಟಿನ ನಾಲಗೆಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದು ಹೋದ. ಇದೆಲ್ಲ ಏಕೆಂದು ಯೋಚಿಸಬೇಕಿತ್ತು. ಆದರೆ ಕೆಲಸ ಬಹಳವಿತ್ತು, ಕೆಲಸವಿದ್ದಾಗ ನಾನು ಯೋಚನೆ ಮಾಡುವವಳಲ್ಲ.

"ಯಾಕೆ ಸಾರ್ ಇಷ್ಟೊಂದು?" ಎಂದು ಮೇಜರ್ ಸಾಹೇಬರನ್ನು ಕೇಳಿದೆ.

"ಈ ಸಲ ಅಭ್ಯಾಸ ನಿಜದ ಹಾಗೇ ಇರ್ಬೇಕು ಅಂತ ಮೇಲಿನವರ ಆಸೆ," ಎಂದರು. ಮಾತಾಡುವಾಗ ನನ್ನ ಮುಖ ನೋಡಲಿಲ್ಲ.

ಒಂದು ಧೈರ್ಯವಿತ್ತು. ಅಭ್ಯಾಸದ ಕಾಲದಲ್ಲಿ ಯಾವ ಸಂದೇಶವಾದರೂ 'ಅಭ್ಯಾಸ' ಎಂಬ ಮಾತಿನಿಂದ ಶುರುವಾಗಿ ಅದೇ ಮಾತಿನಿಂದ ಮುಗಿಯಬೇಕು, ಇಲ್ಲದಿದ್ದರೆ ಯಾರಾದರೂ ನಿಜವೆಂದು ತಿಳಿದು ಅನಾಹುತವಾದೀತು. "ಅಭ್ಯಾಸ. ಎರಡನೇ ಶೆಡ್ಡಿಗೆ ಮೂರು ಲಾರಿ. ಅಭ್ಯಾಸ," ಎಂದು ದಿನವಿಡೀ ಧ್ವನಿವರ್ಧಕ ಒದರುತ್ತಿತ್ತು. ಅಡುಗೆಯವನಂತೂ "ಅಭ್ಯಾಸ! ಊಟ ಆರಿ ಹೋಗ್ತಿದೆ ಬನ್ರೋ! ಅಭ್ಯಾಸ!" ಎಂದೇ ಕೂಗುತ್ತಿದ್ದ. ಆ ಮಾತು ಕೇಳಿಸುತ್ತಿರುವ ತನಕ ಏನೂ ಆಗುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇತುವೆ ಮೇಲೆ ಬಾಂಬು ಬಿತ್ತು. ಅಂದರೆ ಯಮ ಹಾಗೆಂದ. ಸಂಜೆ ಆರಕ್ಕೆ ಎಲ್ಲರನ್ನೂ ದೊಡ್ಡ ಶೆಡ್ಡಿನಲ್ಲಿ ಸೇರಿಸಿ ಅವನು ಪಟ್ಟಿ ಓದಿದ. ಸತ್ತ ಡ್ರೈವರ್‌ಗಳು ನಾಲ್ವರು. ನಾಲ್ಕನೆಯ ಹೆಸರು ಸ್ಟೆಪ್ನಿಯದು. ನಾನು ತಿರುಗಿ ನೋಡಿದೆ. ತಮ್ಮ ಹಳದಿ ಚೀಟಿಯನ್ನು ಜೇಬಿನ ಮೇಲೆ ಪಿನ್ನು ಹಾಕಿ ಚುಚ್ಚಿಕೊಂಡು, ಮುಖ ಊರಗಲ ಮಾಡಿಕೊಂಡು ನಿಂತಿದ್ದ. ಪಕ್ಕದವರು ಅವನ ಬೆನ್ನು ತಟ್ಟುತ್ತಿದ್ದರು. "ಸ್ಟೋರಕ್ಕನ ತಮ್ಮ ಅಂದ್ಮೇಲೆ ಕೇಳ್ಬೇಕಾ? ಹೇಳಿಸಿಟ್ಟಿರ್ತಾಳೆ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ನನ್ನ ಕಿವಿಗೆ ಬಿತ್ತು.

ನನಗೆ ಕಾದ ಎಣ್ಣೆ ಮೈಮೇಲೆ ಸುರಿದ ಹಾಗಾಯಿತು. ನನ್ನ ಶೆಡ್ಡಿಗೆ ಒಳಬರುವ ಪ್ರತಿ ಲಾರಿಯ ಹೊತ್ತನ್ನು ನಾನು ಬರೆಯುತ್ತೇನೆ, ಹೊರಹೋಗುವ ಹೊತ್ತನ್ನೂ ಬರೆಯುತ್ತೇನೆ. ತಮ್ಮನ ಲಾರಿ ಹತ್ತು ನಲವತ್ತಕ್ಕೆ ಒಳಬಂದಿತ್ತು, ಹನ್ನೊಂದೂವರೆಗೆ ಹೊರಹೋಗಿತ್ತು. ಬಾಂಬು ಬಿದ್ದಾಗ ಅವನು ನನ್ನ ಕಣ್ಣೆದುರು ಪೆಟ್ಟಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಸತ್ತವರು ಮೂವರೇ. ನಾಲ್ಕನೆಯ ಚೀಟಿ ಸುಳ್ಳು. ಹೇಳಿಸದೆಯೇ ಹೇಳಿಸಿದವಳು ಅನ್ನಿಸಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ.

ಎದ್ದು ನಿಂತೆ. "ಸಾರ್, ನಾಲ್ಕನೇದು ತಪ್ಪು. ಆ ಗಾಡಿ ನನ್ನ ಶೆಡ್ಡಲ್ಲಿತ್ತು. ಪುಸ್ತಕ ಇಲ್ಲಿದೆ, ಅವನದೇ ಸಹಿ ಇದೆ, ನೋಡ್ಕೊಳ್ಳಿ," ಎಂದೆ.

ಮೇಜರ್ ಸಾಹೇಬರು ಪುಸ್ತಕ ನೋಡಿದರು. ಯಮನನ್ನು ನೋಡಿದರು. ಅವನು ತನ್ನ ಗಡಿಯಾರ ನೋಡಿಕೊಂಡ. "ನಿಮ್ಮ ಪುಸ್ತಕದಲ್ಲಿ ತಪ್ಪಿರೋ ಸಾಧ್ಯತೆ ಇದೆಯಾ?" ಎಂದು ನನ್ನನ್ನೇ ಕೇಳಿದರು.

"ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲಾನೂ ಆಗಿಲ್ಲ ಸಾರ್."

ಅವರು ತಮ್ಮನ ಎದೆಯಿಂದ ಚೀಟಿ ಕಿತ್ತು ಎರಡು ತುಂಡು ಮಾಡಿದರು. "ಬದುಕಿದೆಯಪ್ಪ, ಹೋಗು ಗಾಡಿ ಹತ್ತು," ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಜಂಬವೇ ಆಯಿತು, ಇಲ್ಲವೆನ್ನುವುದಿಲ್ಲ. ತಮ್ಮ ನಗಲಿಲ್ಲ. ನನ್ನನ್ನು ನೋಡಲೂ ಇಲ್ಲ, ನೇರ ಹೊರಗೆ ಹೋದ.

ಪುಸ್ತಕ ಎತ್ತಿಕೊಂಡು ಬರುವಾಗ ಯಮ ಬಾಗಿಲ ಬಳಿ ನಿಂತಿದ್ದ. ಶಿಬಿರದ ಹೊರಗೆ ಅವನು ಸ್ಕೂಲು ಮೇಷ್ಟ್ರು, ಮೆತ್ತನೆಯ ಮನುಷ್ಯ.

"ಸ್ಟೋರಕ್ಕಾ, ಒಂದು ಚೀಟಿ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಮೇಷ್ಟ್ರಾಗಿ ಕಾಪಿ ಹೊಡೆಯೋಕೆ ಬಿಡ್ತೀರಾ ನೀವು?"

"ಈ ಸಲ ಬಿಡ್ಬೇಕು ಅನ್ನಿಸ್ತು," ಎಂದ. "ಆದಷ್ಟು ಜನಕ್ಕೆ ಕೊಟ್ಟು ಕಳಿಸ್ಬೇಕು ಅನ್ನಿಸ್ತು. ನಿಮಗೂ ಒಂದು ತೆಗೆದಿಟ್ಟಿದ್ದೆ."

ಅವನ ದನಿಯಲ್ಲಿ ತಮಾಷೆಯಿರಲಿಲ್ಲ. ನನಗೆ ಅಲ್ಲೇ ಅರ್ಥವಾಗಬೇಕಿತ್ತು. ಇನ್ನೂರ ನಲವತ್ತು ಪೆಟ್ಟಿಗೆ ಬ್ಯಾಂಡೇಜು ಎಣಿಸಿದ ಹೆಂಗಸಿಗೆ ಇಷ್ಟು ಅರ್ಥವಾಗಲಿಲ್ಲವೆಂದರೆ ನನ್ನ ಬುದ್ಧಿಗೆ ಏನು ಹೇಳಲಿ? ನಾನು ಮೂಗು ಮುರಿದು ಅವನನ್ನು ದಾಟಿ ಹೋದೆ.

ಬುಧವಾರ ಬೆಳಿಗ್ಗೆ ಸತ್ತವರ ಬಸ್ಸು ಹೊರಟಿತು. ಮೂವರು ಡ್ರೈವರ್‌ಗಳು, ಅದೇ ಮಂಗಳವಾರ ಸತ್ತಿದ್ದ ಇಬ್ಬರು ಹಮಾಲರು, ಒಬ್ಬ ಗುಮಾಸ್ತ. ಕಿಟಕಿಯಿಂದ ಕೈ ಬೀಸಿ, ಕೇಕೆ ಹಾಕಿ, ಬದುಕಿರುವವರನ್ನು ಅಣಕಿಸುತ್ತ ಹೋದರು. ತಮ್ಮ ತನ್ನ ಲಾರಿಯ ಬಾನೆಟ್ಟಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ನಾನು ಹತ್ತಿರ ಹೋಗಿ ಟೀ ಲೋಟ ಕೊಟ್ಟೆ. ಸ್ವಲ್ಪ ಹೊತ್ತು ಬಿಗಿದುಕೊಂಡಿದ್ದು, ಆಮೇಲೆ ತೆಗೆದುಕೊಂಡ.

"ನಿನ್ನಂಥ ಅಕ್ಕ ಶತ್ರೂಗೂ ಬೇಡ," ಎಂದ.

"ಮುಂದಿನ ವಾರ ಹೋಗ್ತೀಯಲ್ಲೋ. ಮಗು ಎಲ್ಲಿಗೂ ಓಡಿಹೋಗಲ್ಲ."

"ಹೌದೌದು. ಹುಟ್ಟಿದ ತಕ್ಷಣ ಅದಕ್ಕೂ ಒಂದು ಹಾಜರಿ ಪುಸ್ತಕ ಇಡ್ತೀಯ ನೀನು," ಎಂದು ಕೊನೆಗೂ ನಕ್ಕ. ಅವನು ನನ್ನ ಮೇಲೆ ಒಂದು ದಿನಕ್ಕಿಂತ ಹೆಚ್ಚು ಸಿಟ್ಟು ಇಟ್ಟುಕೊಂಡವನೇ ಅಲ್ಲ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಧ್ವನಿವರ್ಧಕ ಕೂಗಿತು. "ಎಲ್ಲ ಲಾರಿ ಡ್ರೈವರ್‌ಗಳು ತುಂಬಿದ ಗಾಡಿಯೊಂದಿಗೆ ಗೇಟಿನ ಬಳಿ ಬರಬೇಕು. ನಾಲ್ಕು ಗಂಟೆಗೆ ಹೊರಡಬೇಕು."

ಅಷ್ಟೇ. ನಾನು ಪೆನ್ನು ಹಿಡಿದುಕೊಂಡು ಉಳಿದ ಮಾತಿಗೆ ಕಾದೆ. ಶೆಡ್ಡಿನಲ್ಲಿದ್ದ ಹಮಾಲರೂ ಹೆಗಲ ಮೇಲಿನ ಪೆಟ್ಟಿಗೆ ಇಳಿಸದೆ ಹಾಗೇ ನಿಂತು ಕಾದರು. "ಮರೆತಿರ್ಬೇಕು, ಮಂಕುದಿಣ್ಣೆ," ಎಂದು ಒಬ್ಬ ನಗಲು ನೋಡಿದ. ಧ್ವನಿವರ್ಧಕ ಎರಡನೆಯ ಸಲ ಅದನ್ನೇ ಓದಿತು. ಮೂರನೆಯ ಸಲವೂ ಓದಿತು. ಹಿಂದೆ ಮುಂದೆ ಆ ಒಂದು ಮಾತು ಬರಲಿಲ್ಲ. ಹೊರಗೆ ಅಡುಗೆಯವನ ಸದ್ದೂ ನಿಂತುಹೋಗಿತ್ತು.

ಯಮನನ್ನು ಹುಡುಕಿಕೊಂಡು ಓಡಿದೆ. ಅವನು ತೋಳಿನ ಬಿಳಿ ಪಟ್ಟಿ ಬಿಚ್ಚಿಟ್ಟು, ಹಮಾಲರ ಜೊತೆ ತಾನೂ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದ.

"ಮೇಷ್ಟ್ರೇ, ಚೀಟಿ ಕೊಡಿ. ನಿಮ್ಮ ಕಾಲು ಹಿಡ್ಕೋತೀನಿ, ಈಗ್ಲೇ ಸಾಯಿಸಿ ಅವನನ್ನ. ನನಗೆ ಅಂತ ತೆಗೆದಿಟ್ಟಿದ್ರಲ್ಲ, ಅದನ್ನಾದ್ರೂ ಕೊಡಿ."

ಅವನು ಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಂಡ. "ಚೀಟಿ ಎಲ್ಲ ಇಸ್ಕೊಂಡು ಸುಟ್ಟುಬಿಟ್ರು ಅಕ್ಕಾ. ಇನ್ಮೇಲೆ ಯಾರು ಸಾಯ್ಬೇಕು ಅನ್ನೋದು ನನ್ನ ಕೈಲಿಲ್ಲ," ಎಂದ. ಅವನ ಕಣ್ಣು ಕೆಂಪಾಗಿತ್ತು. ಮತ್ತೆ ಪೆಟ್ಟಿಗೆಗೆ ಕೈ ಹಾಕಿದ.

ಮೇಜರ್ ಸಾಹೇಬರ ಬಳಿ ಹೋದೆ. ಮೇಜಿನ ಮೇಲೆ ನನ್ನ ಪುಸ್ತಕ ಬಿಚ್ಚಿ ಹಿಡಿದೆ. "ಸಾರ್, ಮಂಗಳವಾರ ನಾನು ತಪ್ಪು ಬರೆದಿದ್ದೆ. ಆ ಗಾಡಿ ಸೇತುವೆ ಮೇಲೇ ಇತ್ತು. ನನ್ನ ತಮ್ಮ ಸತ್ತಿದಾನೆ ಸಾರ್. ಅವನನ್ನ ಮನೆಗೆ ಕಳಿಸ್ಬೇಕು, ಅದು ನಿಯಮ," ಎಂದೆ. ನನ್ನ ಜೀವಮಾನದಲ್ಲಿ ನಾನು ಹೇಳಿದ ಮೊದಲ ಸುಳ್ಳು ಲೆಕ್ಕ ಅದು.

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಅಮ್ಮಾ, ಆ ನಿಯಮ ಮಧ್ಯಾಹ್ನ ಎರಡು ಗಂಟೆಗೆ ಮುಗೀತು," ಎಂದರು. ಮೊದಲ ಬಾರಿ ನನ್ನನ್ನು ಅಮ್ಮಾ ಎಂದರು. "ಮೂವರು ಡ್ರೈವರ್‌ಗಳು ಮೊದಲೇ ಕಡಿಮೆ ಇದಾರೆ. ಅವರನ್ನ ವಾಪಸ್ ಕರೆಸೋಕೆ ನಾಳೆ ತನಕ ಆಗುತ್ತೆ. ಇವತ್ತು ನಿಮ್ಮ ತಮ್ಮನ ಗಾಡಿ ಮುಂದೆ ಹೋಗ್ಬೇಕು."

"ಎಲ್ಲಿಗೆ ಸಾರ್?"

ಅವರು ತಲೆ ಅಲ್ಲಾಡಿಸಿದರು. ಬೋರ್ಡುಗಳಿಗೆ ಗೋಣಿಚೀಲ ಕಟ್ಟಿದವರು ನನಗೆ ಊರು ಹೇಳುತ್ತಾರೆಯೇ?

ಮೂರೂವರೆಗೆ ಡ್ರೈವರ್‌ಗಳು ಸಾಲಾಗಿ ನನ್ನ ಮೇಜಿಗೆ ಬಂದರು. ತಲೆಗೊಂದು ಕಂಬಳಿ, ಎರಡು ದಿನದ ಊಟದ ಪೊಟ್ಟಣ, ನೀರಿನ ಕ್ಯಾನು, ಉಕ್ಕಿನ ಟೊಪ್ಪಿ. ಯಾರೂ ತಮಾಷೆ ಮಾಡಲಿಲ್ಲ. ಕೊನೆಯಲ್ಲಿ ತಮ್ಮ ಬಂದ. ನಾನು ಅವನಿಗೆ ಎರಡು ಕಂಬಳಿ ಕೊಟ್ಟೆ. ಪುಸ್ತಕದಲ್ಲಿ ಒಂದು ಎಂದೇ ಬರೆದೆ. ಅವನು ನೋಡಿದ.

"ಲೆಕ್ಕ ತಪ್ತಲ್ಲಕ್ಕಾ."

"ತಪ್ಪಲಿ ಬಿಡೋ!" ಎಂದು ಗದರಿದೆ. ಗದರುವಷ್ಟರಲ್ಲಿ ಅಳು ಬಂತು. "ನಾನೇ ಕಣೋ. ನಾನೇ ನಿನ್ನ ಕಳಿಸ್ತಿರೋದು. ಬಾಯಿ ಮುಚ್ಕೊಂಡು ಕೂತಿದ್ರೆ ನೀನು ನಿನ್ನೆನೇ ಮನೇಲಿರ್ತಿದ್ದೆ. ನನ್ನ ಹಾಳು ಪುಸ್ತಕಕ್ಕೆ ಬೆಂಕಿ ಹಾಕ."

"ಸುಮ್ನಿರೇ. ಎಲ್ರೂ ನೋಡ್ತಿದಾರೆ." ಅವನ ತುಟಿ ನಡುಗುತ್ತಿತ್ತು. ಸಣ್ಣವನಿದ್ದಾಗ ಇಂಜೆಕ್ಷನ್ನಿಗೆ ಕರೆದುಕೊಂಡು ಹೋದಾಗ ಹೀಗೇ ನಡುಗುತ್ತಿತ್ತು, ಹೀಗೇ ಅಳದೆ ನಿಲ್ಲುತ್ತಿದ್ದ. "ಉಳಿದವ್ರಿಗೆ ಒಂದೊಂದು ಫೋನ್ ಮಾಡೋಕೆ ಬಿಡ್ತಾರಂತೆ. ಅವಳಿಗೆ ಮಾಡು. ಹೆದರಿಸ್ಬೇಡ, ಈ ಹೊತ್ತಲ್ಲಿ ಅವಳು ಹೆದರ್ಬಾರ್ದು. ಅಭ್ಯಾಸ ಮುಂದಕ್ಕೆ ಹೋಗಿದೆ ಅನ್ನು. ಅಷ್ಟೇ ಅನ್ನು. ಆಣೆ ಮಾಡು."

ಆಣೆ ಮಾಡಿದೆ. ಅವನ ಕೆನ್ನೆ ಮುಟ್ಟಿದೆ, ಗಡ್ಡ ಚುಚ್ಚಿತು. ನಾಲ್ಕು ಗಂಟೆಗೆ ಲಾರಿಗಳು ಹೊರಟವು. ಅವನದು ಎಲ್ಲಕ್ಕಿಂತ ಮುಂದಿತ್ತು. ಹಾರನ್ ಹೊಡೆಯಬಾರದೆಂದು ಹೇಳಿದ್ದರಿಂದ ಯಾರೂ ಹೊಡೆಯಲಿಲ್ಲ. ಬರೀ ಇಂಜಿನ್ನುಗಳ ಸದ್ದು ರಸ್ತೆಯುದ್ದಕ್ಕೂ ಹೋಗಿ, ದೂರದಲ್ಲಿ ಇನ್ಯಾವುದೋ ದಪ್ಪ ಸದ್ದಿನೊಂದಿಗೆ ಸೇರಿತು. ಗುಡುಗೇನೋ ಎಂದು ಆಕಾಶ ನೋಡಿದೆ. ಬಿಸಿಲು ಚೆನ್ನಾಗಿಯೇ ಇತ್ತು.

ಐದೂವರೆಗೆ ನನ್ನ ಸರದಿ ಬಂತು. ಆಫೀಸಿನ ಮೂಲೆಯಲ್ಲಿ ಒಂದು ಫೋನು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಸಿಪಾಯಿ. ಎರಡು ನಿಮಿಷ, ಜಾಗದ ಮಾತಿಲ್ಲ, ಲಾರಿಯ ಮಾತಿಲ್ಲ ಎಂದು ಅವನು ಎಚ್ಚರಿಸಿದ. ಒಂದೇ ರಿಂಗಿಗೆ ಅವಳು ಎತ್ತಿದಳು.

"ಅತ್ತಿಗೇ, ನೀವಾ! ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಏನಾಯ್ತು, ಇವ್ರು ಸತ್ರಾ?"

ಅವಳ ದನಿಯಲ್ಲಿ ಎಷ್ಟು ಆಸೆ! ಸಿಪಾಯಿ ತಲೆ ಎತ್ತಿ ನನ್ನನ್ನು ನೋಡಿದ.

"ಇಲ್ಲ ಕಣೆ," ಎಂದೆ. "ಇನ್ನೂ ಇಲ್ಲ."

"ಅಯ್ಯೋ! ನಿನ್ನೆ ಬಂದ ಗುಮಾಸ್ತರು ಹೇಳಿದ್ರು, ಚೀಟಿ ಸಿಕ್ಕಿತ್ತು, ಯಾರೋ ತಪ್ಪಿಸಿಬಿಟ್ರು ಅಂತ. ಯಾರಂತ ಹೇಳ್ಲಿಲ್ಲ, ನಕ್ಕೊಂಡು ಹೋದ್ರು. ಯಾರತ್ತಿಗೆ ಆ ಪುಣ್ಯಾತ್ಮರು?"

"ನಾನೇ."

ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು ಅಮ್ಮಾ ಎಂದು ಉಸಿರು ಬಿಡುತ್ತ ನಕ್ಕಳು. "ನೀವಾ! ನಂಗೆ ಗೊತ್ತಿತ್ತು. ನಿಮ್ಮ ಕೈಗೆ ಸಿಕ್ಕಿ ಯಾರಾದ್ರೂ ಸುಳ್ಳು ಸುಳ್ಳೇ ಸಾಯೋಕಾಗುತ್ತಾ? ಹೋಗ್ಲಿ ಬಿಡಿ. ಯಾವತ್ತು ಬರ್ತಾರೆ?"

"ಅಭ್ಯಾಸ ಮುಂದಕ್ಕೆ ಹೋಗಿದೆ ಕಣೆ. ಇನ್ನೂ ಸ್ವಲ್ಪ ದಿನ ನಡೆಯುತ್ತಂತೆ."

"ಹಂಗಾದ್ರೆ ಇನ್ನೂ ಟೈಮಿದೆ!" ಎಂದಳು. ಸಿಪಾಯಿ ಗಡಿಯಾರ ತೋರಿಸಿದ. ನಾನು ಅವನಿಗೆ ಬೆನ್ನು ಮಾಡಿದೆ. "ಅತ್ತಿಗೇ, ಈ ಸಲ ನೀವೇನೂ ಅಡ್ಡ ಬರಬೇಡಿ, ನನ್ನಾಣೆ. ನೀವೇ ಮುಂದೆ ನಿಂತು ನಾಳೆನೇ ಅವರನ್ನ ಸಾಯಿಸಿಬಿಡಿ. ನೋವು ಶುರುವಾಗೋದ್ರೊಳಗೆ ಮನೆಗೆ ಬಂದುಬಿಡ್ಲಿ. ಸಾಯಿಸ್ತೀರಿ ತಾನೆ? ಹೂಂ ಅನ್ನಿ ಅತ್ತಿಗೆ."

ಹೆದರಿಸುವುದಿಲ್ಲ ಎಂದು ಅವನಿಗೆ ಆಣೆ ಮಾಡಿ ಬಂದಿದ್ದೆ.

"ಹೂಂ," ಎಂದೆ.